ಬಾತ್: ಬಿಸಿನೀರು ಕಟ್ಟಿದ ಊರಿನಲ್ಲಿ ಒಂದು ಹಗಲು

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಏವನ್ ನದಿ ಗುಡ್ಡಗಳ ನಡುವೆ ಬಳಸಿಕೊಂಡು ಹೋಗುವ ತಗ್ಗಿನಲ್ಲಿ ಬಾತ್ ನಗರವಿದೆ. ಜನಸಂಖ್ಯೆ ಲಕ್ಷಕ್ಕೆ ತುಸು ಕಡಿಮೆ. ಎರಡು ಸಾವಿರ ವರ್ಷಗಳಿಂದ ಈ ಊರಿಗೆ ಹೆಸರು, ಹಣ, ಜನ ಎಲ್ಲವನ್ನೂ ತಂದದ್ದು ನೆಲದಿಂದ ತಾನಾಗಿ ಉಕ್ಕುವ ಬಿಸಿನೀರು. ಬ್ರಿಟನ್ನಿನಲ್ಲಿ ಬೆಚ್ಚಗಿನ ಊಟೆಗಳು ಬೇರೆಡೆಯೂ ಇವೆ. ನಿಜಕ್ಕೂ ಬಿಸಿ ಎನ್ನಬಹುದಾದ ನೀರು ಸಿಗುವುದು ಇಲ್ಲಿ ಮಾತ್ರ. ಯುನೆಸ್ಕೊ 1987ರಲ್ಲಿ ಇಡೀ ನಗರವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರಲ್ಲಿ ವಿಶಿ, ಬಾಡೆನ್-ಬಾಡೆನ್, ಕಾರ್ಲೊವಿ ವಾರಿ ಮೊದಲಾದ ಯುರೋಪಿನ ಹತ್ತು ಸ್ನಾನದ ಊರುಗಳ ಜೊತೆ ಅದಕ್ಕೆ ಎರಡನೆಯ ಬಾರಿಯೂ ಆ ಮನ್ನಣೆ ದೊರೆಯಿತು.

ಒಂದು ಹಗಲಿನಲ್ಲಿ ನೋಡಲು ಬಾತ್‌ನಷ್ಟು ಅನುಕೂಲವಾದ ಊರು ಅಪರೂಪ. ಬಿಸಿನೀರಿನ ಬುಗ್ಗೆಯಿಂದ ಹೊರಟರೆ ನೋಡಬೇಕಾದ ಬಹುಪಾಲು ಸ್ಥಳಗಳು ಕಾಲುಗಂಟೆಯ ನಡಿಗೆಯೊಳಗೇ ಸಿಗುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಗೆ ಬರುತ್ತಿದ್ದ ಶ್ರೀಮಂತರಿಗೆ ಮಾಡಲು ಕೆಲಸವೇ ಇರಲಿಲ್ಲ. ಬೆಳಿಗ್ಗೆ ಮೀಯುವುದು, ಮೂರು ಲೋಟ ನೀರು ಕುಡಿಯುವುದು, ಅಡ್ಡಾಡುವುದು, ಹರಟುವುದು, ರಾತ್ರಿ ಕುಣಿಯುವುದು, ಜೂಜಾಡುವುದು, ಇಷ್ಟೇ ಅವರ ದಿನಚರಿ. ಅವರ ಬಿಡುವೇ ಊರಿನ ಉದ್ಯಮವಾಗಿತ್ತು. ಅಗಲವಾದ ಕಾಲುದಾರಿ, ಹುಲ್ಲುಹಾಸು, ಒಂದರ ಬೆನ್ನಿಗೆ ಒಂದರಂತೆ ತೆರೆದುಕೊಳ್ಳುವ ಚೌಕ, ವೃತ್ತಗಳೆಲ್ಲ ನಿಧಾನವಾಗಿ ನಡೆಯುವವರಿಗಾಗಿ ರೂಪುಗೊಂಡವು. ಸ್ಟೋನ್‌ಹೆಂಜ್, ವಿಂಡ್ಸರ್, ಬಾತ್ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿಬಿಡುವ ಲಂಡನ್ನಿನ ಪ್ರವಾಸಿ ಬಸ್ಸುಗಳು ಈ ಊರಿಗೆ ಬಿಡುವ ಸಮಯ ತೀರಾ ಕಡಿಮೆ. ಅದರಲ್ಲಿ ಕಟ್ಟಡಗಳನ್ನು ನೋಡಬಹುದು. ಊರು ಏಕೆ ಹೀಗಿದೆ ಎಂಬುದು ತಿಳಿಯುವುದಿಲ್ಲ.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಬ್ರಿಸ್ಟಲ್‌ನಿಂದ ಕಾಲುಗಂಟೆ ಸಾಕು. ಈ ಹಳಿ ಹಾಕಿಸಿದವನು ಎಂಜಿನಿಯರ್ ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್. ಬಾತ್ ನಿಲ್ದಾಣಕ್ಕೆ 1840ರಲ್ಲಿ ಬ್ರಿಸ್ಟಲ್ ಕಡೆಯಿಂದ ರೈಲು ಬಂತು. ಪೂರ್ವಕ್ಕಿರುವ ಸುಮಾರು ಮೂರು ಕಿಲೋಮೀಟರ್ ಉದ್ದದ ಬಾಕ್ಸ್ ಸುರಂಗ ಮುಗಿದ ಮೇಲೆ, 1841ರಲ್ಲಿ, ಲಂಡನ್ ಕೂಡಿಕೊಂಡಿತು. ಅದಕ್ಕೂ ಮುಂಚೆ ಜನ ಬರುತ್ತಿದ್ದುದು ಕುದುರೆ ಗಾಡಿಗಳಲ್ಲಿ. 1784ರಲ್ಲಿ ಬಾತ್‌ನ ನಾಟಕಶಾಲೆಯ ಒಡೆಯ ಜಾನ್ ಪಾಮರ್ ಬ್ರಿಸ್ಟಲ್‌ನಿಂದ ಬಾತ್ ಮೂಲಕ ಲಂಡನ್ನಿಗೆ ಅಂಚೆಯ ಗಾಡಿ ಓಡಿಸಿ, ಆ ಪ್ರಯಾಣವನ್ನು ಹದಿನಾರು ಗಂಟೆಗೆ ಇಳಿಸಿದ್ದೇ ಅಂದಿನ ಸೋಜಿಗ. ಈಗ ನಿಲ್ದಾಣದಿಂದ ಹೊರಬಿದ್ದು ಐದಾರು ನಿಮಿಷ ನೇರ ನಡೆದರೆ ಅಬ್ಬೆಯ ಅಂಗಳ ಬರುತ್ತದೆ. ಒಂದು ಬದಿಗೆ ಬಾತ್ ಅಬ್ಬೆ ಎಂಬ ಇಗರ್ಜಿ, ಇನ್ನೊಂದು ಬದಿಗೆ ರೋಮನ್ನರ ಸ್ನಾನಗೃಹ. ಮೇಯರ್ ಅವರ ಹೆಸರಿನಲ್ಲಿ 1934ರಿಂದ ನಡೆದುಬಂದಿರುವ ಸ್ವಯಂಸೇವಕ ಮಾರ್ಗದರ್ಶಿಗಳ ಉಚಿತ ಸುತ್ತಾಟ ಹೊರಡುವುದೂ ಇಲ್ಲಿಂದಲೇ. ಎರಡು ಗಂಟೆ ಊರು ಸುತ್ತಿಸುವ ಇವರು ಬಕ್ಷೀಸು ಕೊಟ್ಟರೂ ಮುಟ್ಟುವುದಿಲ್ಲ.

ಬೆಳಗಿನ ಹೊತ್ತು ಸ್ನಾನಗೃಹಕ್ಕೆ ಒಳ್ಳೆಯದು. ನಡು ಹಗಲಿನ ಹೊತ್ತಿಗೆ ಸಾಲು ಉದ್ದವಾಗುತ್ತದೆ. ಚಳಿಗಾಲದ ಬೆಳಿಗ್ಗೆಯಾದರೆ ನೀರಿನಿಂದ ಹಬೆ ಏಳುವುದೂ ಕಾಣುತ್ತದೆ. ಈ ನೀರಿನ ಮೂಲ ಮಳೆ. ದಕ್ಷಿಣಕ್ಕಿರುವ ಮೆಂಡಿಪ್ ಬೆಟ್ಟಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಸುರಿದ ಮಳೆ ಸುಣ್ಣಕಲ್ಲಿನ ಸೀಳುಗಳಲ್ಲಿ ಇಂಗುತ್ತ, 2,700ರಿಂದ 4,300 ಮೀಟರ್ ಆಳದವರೆಗೆ ಇಳಿಯಿತೆಂಬುದು ಭೂವಿಜ್ಞಾನಿಗಳ ವಿವರಣೆ. ಬಾತ್‌ನ ಅಡಿಯಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಭೂಮಿಯೊಳಕ್ಕೆ ಇಳಿದಷ್ಟೂ ಬಂಡೆಯ ಶಾಖ ಏರುತ್ತದೆ. ಆ ಆಳದಲ್ಲಿ ನೀರು 69ರಿಂದ 96 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬಳಿಕ ಒತ್ತಡಕ್ಕೆ ಸಿಕ್ಕಿ ಬಂಡೆಯ ಬಿರುಕುಗಳ ಮೂಲಕ ಮೇಲೇರಿ, ಹೊರಗೆ ಬರುವಾಗ ಸುಮಾರು 46 ಡಿಗ್ರಿಯಷ್ಟಿರುತ್ತದೆ. ನಗರದ ಮೂರು ಬುಗ್ಗೆಗಳಲ್ಲಿ ದೊಡ್ಡದಾದ ‘ಕಿಂಗ್ಸ್ ಸ್ಪ್ರಿಂಗ್’ ಒಂದರಿಂದಲೇ ದಿನಕ್ಕೆ 11 ಲಕ್ಷ ಲೀಟರಿಗೂ ಮಿಕ್ಕಿ ನೀರು ಹೊರಬರುತ್ತದೆ. ಅದರಲ್ಲಿ ಕರಗಿರುವ ಖನಿಜಗಳು ನಲವತ್ತಕ್ಕೂ ಹೆಚ್ಚು. ನೀರು ಹರಿದುಹೋಗುವ ಕಾಲುವೆಯ ಕಲ್ಲಿಗೆ ಹತ್ತಿರುವ ಕಿತ್ತಳೆ ಬಣ್ಣ ಕಬ್ಬಿಣದ ಅಂಶದ್ದು.

ಬುಗ್ಗೆಯನ್ನು ಕಂಡುಹಿಡಿದವನು ಬ್ಲಾಡುಡ್ ಎಂಬ ರಾಜಕುಮಾರನೆಂದು ಊರಿನವರ ಐತಿಹ್ಯ. ಕುಷ್ಠ ಬಂದು ಅರಮನೆಯಿಂದ ಹೊರದಬ್ಬಿಸಿಕೊಂಡ ಅವನು ಹಂದಿ ಮೇಯಿಸುತ್ತಿದ್ದನಂತೆ. ಬೆಚ್ಚಗಿನ ಕೆಸರಿನಲ್ಲಿ ಹೊರಳಿದ ಹಂದಿಗಳ ಚರ್ಮರೋಗ ವಾಸಿಯಾದದ್ದನ್ನು ಕಂಡು ತಾನೂ ಹೊರಳಿ ಗುಣಮುಖನಾದನಂತೆ. ಹನ್ನೆರಡನೆಯ ಶತಮಾನದ ಜೆಫ್ರಿ ಆಫ್ ಮಾನ್ಮತ್ ಬರೆದ ರಾಜರ ಕಥೆಯಲ್ಲಿ ಈ ಬ್ಲಾಡುಡ್ ಬಾತ್ ನಗರದ ಸ್ಥಾಪಕ, ಲಿಯರ್ ರಾಜನ ತಂದೆ. ಹಂದಿಗಳು ಕಥೆಯೊಳಗೆ ನುಗ್ಗಿದ್ದು ಆಮೇಲೆ. ಇತಿಹಾಸವೆಂದು ಇದನ್ನು ಯಾರೂ ನಂಬುವುದಿಲ್ಲ, ಆದರೆ ಊರಿನ ಅಲಂಕಾರಗಳಲ್ಲಿ ಹಂದಿಯ ನೆನಪು ಇನ್ನೂ ಉಳಿದಿದೆ.

ರೋಮನ್ನರು ಬರುವ ಮೊದಲೇ ಇಲ್ಲಿನ ಕೆಲ್ಟ್ ಜನ ಸೂಲಿಸ್ ಎಂಬ ದೇವತೆಯನ್ನು ಈ ನೀರಿನಲ್ಲಿ ಪೂಜಿಸುತ್ತಿದ್ದರು. ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಬಂದ ರೋಮನ್ನರು ಆ ದೇವತೆಯನ್ನು ಓಡಿಸಲಿಲ್ಲ; ತಮ್ಮ ಮಿನರ್ವಳೊಂದಿಗೆ ಸೇರಿಸಿ ಸೂಲಿಸ್ ಮಿನರ್ವ ಎಂದು ಕರೆದರು. ಊರಿಗೆ ಆಕ್ವೆ ಸೂಲಿಸ್, ಅಂದರೆ ಸೂಲಿಸ್‌ಳ ನೀರು, ಎಂಬ ಹೆಸರಾಯಿತು. ಸುಮಾರು ಕ್ರಿ.ಶ. 60–70ರ ನಡುವೆ ಗುಡಿಯ ಕೆಲಸ ಶುರುವಾಗಿ, ಮುಂದಿನ ಮುನ್ನೂರು ವರ್ಷ ಸ್ನಾನಗೃಹ ಬೆಳೆಯುತ್ತಲೇ ಹೋಯಿತು. ದೊಡ್ಡ ಕೊಳದ ಆಳ 1.6 ಮೀಟರ್. ತಳಕ್ಕೆ ಹಾಸಿದ 45 ಸೀಸದ ತಗಡುಗಳು ಇಂದಿಗೂ ಅಲ್ಲೇ ಇವೆ. ರೋಮನ್ನರು ಕಟ್ಟಿದ ತೂಬಿನಲ್ಲೇ ಇಂದಿಗೂ ನೀರು ಹರಿದುಹೋಗುತ್ತದೆ. ಅಕ್ಕಪಕ್ಕದ ಕೋಣೆಗಳ ನೆಲದಡಿ ಇಟ್ಟಿಗೆಯ ಗಿಡ್ಡ ಕಂಬಗಳ ಸಾಲು ಕಾಣುತ್ತದೆ. ಆ ಕಂಬಗಳ ನಡುವೆ ಒಲೆಯ ಬಿಸಿಗಾಳಿ ಹರಿಸಿ ಕೋಣೆಯನ್ನು ಕಾಯಿಸುತ್ತಿದ್ದರು.

ಪ್ರವಾಸಿಗಳ ಫೋಟೊಗಳಲ್ಲಿ ಹಸಿರು ನೀರಿನ ಸುತ್ತ ನಿಂತ ಕಂಬಗಳು, ಮೇಲಿನ ಜಗಲಿಯ ಮೇಲೆ ಚಕ್ರವರ್ತಿಗಳ ಪ್ರತಿಮೆಗಳು ಕಾಣುತ್ತವೆ. ಇದರಲ್ಲಿ ರೋಮನ್ನರದ್ದು ಕೆಳಗಿನ ಭಾಗ ಮಾತ್ರ. ಹಳೆಯ ಸ್ನಾನಗೃಹ ಹೂತುಹೋಗಿ, ಅದರ ಮೇಲೆ ಮನೆಗಳೆದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಅಗೆದು ತೆಗೆದಾಗ ಮೇಲಿನ ಕಂಬಗಳನ್ನೂ ಪ್ರತಿಮೆಗಳನ್ನೂ ಹೊಸದಾಗಿ ಸೇರಿಸಿದರು. ನೀರಿನ ಹಸಿರು ಕೂಡ ಹಳೆಯದಲ್ಲ. ರೋಮನ್ನರ ಕಾಲದಲ್ಲಿ ಕೊಳದ ಮೇಲೆ ಎತ್ತರದ ಕಮಾನು ಚಾವಣಿ ಇತ್ತು. ಈಗ ಬಿಸಿಲು ನೇರವಾಗಿ ಬಿದ್ದು ಪಾಚಿ ಬೆಳೆಯುತ್ತದೆ.

ವಸ್ತುಸಂಗ್ರಹಾಲಯದಲ್ಲಿ ಸಮಯ ಕೊಡಬೇಕಾದದ್ದು ಮೂರು ವಸ್ತುಗಳಿಗೆ. ಮೊದಲನೆಯದು, 1727ರಲ್ಲಿ ಚರಂಡಿ ತೋಡುವಾಗ ಸಿಕ್ಕ, ಚಿನ್ನದ ಲೇಪದ ಕಂಚಿನ ಸೂಲಿಸ್ ಮಿನರ್ವಳ ತಲೆ. ಎರಡನೆಯದು, 1790ರಲ್ಲಿ ದೊರೆತ ಗುಡಿಯ ಮುಂಭಾಗದ ಕಲ್ಲು. ಅದರ ನಡುವೆ ಕೆದರಿದ ಕೂದಲಿನ ಭಯಂಕರ ಮುಖವೊಂದಿದೆ. ಗಾರ್ಗನ್ ಎಂದು ಕರೆಯುತ್ತಾರಾದರೂ ಗ್ರೀಕರ ಗಾರ್ಗನ್ ಹೆಣ್ಣು, ಇಲ್ಲಿರುವುದಕ್ಕೆ ಭರ್ಜರಿ ಮೀಸೆ! ಸ್ಥಳೀಯ ಶಿಲ್ಪಿ ತನ್ನ ಊರಿನ ಯಾವುದೋ ದೇವರನ್ನು ರೋಮನ್ನರ ಅಚ್ಚಿನಲ್ಲಿ ಕೂರಿಸಿರಬಹುದೆಂಬ ವಾದವಿದೆ. ಮೂರನೆಯದು, ಬುಗ್ಗೆಯ ಕೆಸರಿನಿಂದ ಮೇಲೆ ಬಂದ ಸುಮಾರು 130 ಶಾಪದ ತಗಡುಗಳು. ಹೆಚ್ಚಿನವು 1979–80ರಲ್ಲಿ ಪುರಾತತ್ವಜ್ಞ ಬ್ಯಾರಿ ಕನ್ಲಿಫ್ ಅವರ ಉತ್ಖನನದಲ್ಲಿ ಸಿಕ್ಕವು. ಮೀಯಲು ಬಂದಾಗ ಬಟ್ಟೆಯನ್ನೋ ಕಾಸನ್ನೋ ಕಳೆದುಕೊಂಡವರು, ಸೀಸ ತವರದ ತೆಳು ತಗಡಿನ ಮೇಲೆ ದೂರು ಕೊರೆದು, ಸುತ್ತಿ, ನೀರಿಗೆಸೆದು ಸೂಲಿಸ್‌ಳ ಮೊರೆಹೋಗುತ್ತಿದ್ದರು. ಗಂಡಸೋ ಹೆಂಗಸೋ, ಆಳೋ ಒಡೆಯನೋ, ಕದ್ದವರು ಯಾರೇ ಆಗಿರಲಿ ನಿದ್ದೆ, ಸಂತಾನ, ಆರೋಗ್ಯ ಇಲ್ಲದಂತಾಗಲಿ ಎಂಬುದು ಇವುಗಳ ಸಾಮಾನ್ಯ ಧಾಟಿ. ಬರೀ ಎರಡು ಕೈಗವಸು ಕಳೆದುಕೊಂಡವನೊಬ್ಬ ಕಳ್ಳನ ಬುದ್ಧಿಯನ್ನೂ ಕಣ್ಣುಗಳನ್ನೂ ಕಿತ್ತುಕೊಳ್ಳುವಂತೆ ಬೇಡಿದ್ದಾನೆ. ಕಳವಾದ ವಸ್ತುವಿಗಾಗಿ ದೈವದ ಮುಂದೆ ದೂರಿಡುವುದನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಈ ತಗಡುಗಳ ಮನಸ್ಸು ತಟ್ಟನೆ ಅರ್ಥವಾದೀತು. ಬ್ರಿಟನ್ನಿನ ರೋಮನ್ ಕಾಲದ ಸಾಮಾನ್ಯ ಜನರ ಮಾತು ನೇರವಾಗಿ ಕೇಳಿಸುವ ದಾಖಲೆಗಳು ಬಹಳ ಕಡಿಮೆ. ಕೊಳದ ದೊಡ್ಡಸ್ತಿಕೆಗಿಂತ ಈ ಸುರುಳಿ ತಗಡುಗಳ ತೂಕವೇ ಒಂದು ಕೈ ಹೆಚ್ಚು.

ಐದನೆಯ ಶತಮಾನದ ಆರಂಭದಲ್ಲಿ ರೋಮನ್ ಆಡಳಿತ ಮುಗಿಯಿತು. ಚಾವಣಿ ಕುಸಿಯಿತು, ಕೆಸರು ತುಂಬಿತು. ಊರು ಮಾತ್ರ ಸಾಯಲಿಲ್ಲ. 973ರಲ್ಲಿ ಎಡ್ಗರ್ ರಾಜನಿಗೆ ಪಟ್ಟ ಕಟ್ಟಿದ್ದು ಇಲ್ಲಿನ ಸ್ಯಾಕ್ಸನ್ ಕಾಲದ ಇಗರ್ಜಿಯಲ್ಲಿ. ಆರ್ಚ್‌ಬಿಷಪ್ ಡನ್‌ಸ್ಟನ್ ಅಂದು ರೂಪಿಸಿದ ವಿಧಿಯೇ ಇಂದಿನ ಬ್ರಿಟಿಷ್ ಪಟ್ಟಾಭಿಷೇಕಕ್ಕೂ ತಳಹದಿ. ಈಗ ಕಾಣುವ ಅಬ್ಬೆಯನ್ನು 1499ರಲ್ಲಿ ಬಿಷಪ್ ಆಲಿವರ್ ಕಿಂಗ್ ಆರಂಭಿಸಿದ. ಸ್ವರ್ಗಕ್ಕೆ ಹಾಕಿದ ಏಣಿಯಲ್ಲಿ ದೇವದೂತರು ಹತ್ತಿಳಿಯುವ ಕನಸು ಅವನಿಗೆ ಬಿತ್ತೆಂದು ಹೇಳಿಕೆ. ಆ ಕನಸು ಪಶ್ಚಿಮದ ಮುಂಭಾಗದಲ್ಲಿ ಕಲ್ಲಾಗಿ ನಿಂತಿದೆ. ಇಳಿಯುವ ದೇವದೂತರನ್ನು ಶಿಲ್ಪಿ ತಲೆಕೆಳಗಾಗಿಯೇ ಕೆತ್ತಿದ್ದಾನೆ. ಒಳಗೆ ತಲೆಯೆತ್ತಿದರೆ ಬೀಸಣಿಗೆ ಕಮಾನುಗಳು. ಪೂರ್ವದ ಭಾಗದವು ಹದಿನಾರನೆಯ ಶತಮಾನದವು, ನಡುಮನೆಯವು 1860ರ ದಶಕದಲ್ಲಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಪೂರೈಸಿದವು. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗೋಡೆಯ ತುಂಬ ಸ್ಮರಣಫಲಕಗಳು. ರೋಗ ವಾಸಿಯಾಗಲೆಂದು ಬಂದವರಲ್ಲಿ ಎಷ್ಟು ಮಂದಿ ಇಲ್ಲೇ ಉಳಿದುಬಿಟ್ಟರೆಂಬ ಲೆಕ್ಕ ಅದರಲ್ಲಿದೆ. ಇತ್ತೀಚೆಗೆ ಬುಗ್ಗೆಯ ನೀರಿನ ಶಾಖವನ್ನೇ ಬಳಸಿ ಇಗರ್ಜಿಯ ನೆಲ ಬೆಚ್ಚಗಿಡುವ ವ್ಯವಸ್ಥೆಯೂ ಆಗಿದೆ.

ಮಧ್ಯಯುಗದಿಂದ ಹದಿನೇಳನೆಯ ಶತಮಾನದವರೆಗೆ ಸ್ನಾನ ನಡೆಯುತ್ತಿದ್ದುದು ಬಯಲಿನಲ್ಲಿ, ಗಂಡು ಹೆಣ್ಣು ಒಟ್ಟಿಗೆ. 1668ರಲ್ಲಿ ಬಂದ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್, ಇಷ್ಟು ಮೈಗಳು ಒಂದೇ ನೀರಿನಲ್ಲಿ ಮುಳುಗಿದರೆ ಅದೆಷ್ಟು ಶುಚಿಯಾದೀತು ಎಂದು ಅನುಮಾನಪಟ್ಟ. ಹಾಗೆಂದು ಇಳಿಯದೆ ಬಿಡಲಿಲ್ಲ. 1687ರಲ್ಲಿ ಎರಡನೆಯ ಜೇಮ್ಸ್ ದೊರೆಯ ರಾಣಿ ಮೇರಿ ಸಂತಾನಕ್ಕಾಗಿ ಇಲ್ಲಿನ ‘ಕ್ರಾಸ್ ಬಾತ್’ನಲ್ಲಿ ಮಿಂದಳು. ಮರುವರ್ಷ ಗಂಡು ಮಗು ಹುಟ್ಟಿತು. ಕ್ಯಾಥೊಲಿಕ್ ವಾರಸುದಾರ ಬಂದನೆಂಬ ದಿಗಿಲಿಗೆ ಪ್ರಾಟೆಸ್ಟೆಂಟ್ ಗಣ್ಯರು ಹಾಲೆಂಡಿನಿಂದ ವಿಲಿಯಂನನ್ನು ಕರೆಸಿದರು, ದೊರೆ ದೇಶ ಬಿಟ್ಟು ಓಡಿದ. ಬಾತ್ ನೀರಿನ ಮಹಿಮೆ ನಂಬುವವರು 1688ರ ಕ್ರಾಂತಿಯನ್ನೂ ಅದರ ಖಾತೆಗೆ ಬರೆಯಬೇಕಾಗುತ್ತದೆ.

ಹದಿನೆಂಟನೆಯ ಶತಮಾನ ಕಾಲಿಟ್ಟಾಗ ಆ್ಯನ್ ರಾಣಿ ಸತತ ಎರಡು ವರ್ಷ, 1702 ಮತ್ತು 1703ರಲ್ಲಿ, ಇಲ್ಲಿಗೆ ಬಂದಳು. ರಾಣಿಯ ಹಿಂದೆ ಗಣ್ಯರು, ಗಣ್ಯರ ಹಿಂದೆ ಜೂಜುಗಾರರು ಬಂದರು. ಹಾಗೆ ಬಂದ ಜೂಜುಗಾರರಲ್ಲಿ ರಿಚರ್ಡ್ ನ್ಯಾಶ್ ಒಬ್ಬ. ಆಗ ಊರಿನ ವಿನೋದಕೂಟಗಳ ಯಜಮಾನನಾಗಿದ್ದವನು ದ್ವಂದ್ವಯುದ್ಧದಲ್ಲಿ ಸತ್ತು, ಆ ಸ್ಥಾನ ನ್ಯಾಶ್‌ಗೆ ಬಂತು. ಅವನು ಕತ್ತಿ ಧರಿಸುವುದನ್ನು ನಿಷೇಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೂಟು ತೊಟ್ಟು ನೃತ್ಯಕ್ಕೆ ಬರುವಂತಿಲ್ಲ, ರಾತ್ರಿ ಹನ್ನೊಂದಕ್ಕೆ ಸಂಗೀತ ನಿಲ್ಲಬೇಕು. ಇನ್ನೊಂದೇ ಒಂದು ಕುಣಿತಕ್ಕೆ ಅವಕಾಶ ಕೇಳಿದ ದೊರೆಯ ಮಗಳು ಅಮೀಲಿಯಾಳಿಗೂ ಅವನು ಇಲ್ಲವೆಂದ ಕಥೆ ಪ್ರಸಿದ್ಧ. ಪದವಿಯ ಬಲವಿಲ್ಲದ ಒಬ್ಬ ಮನುಷ್ಯ ಶಿಷ್ಟಾಚಾರದ ಹೆಸರಿನಲ್ಲಿ ಲಾರ್ಡ್‌ಗಳನ್ನೂ ವ್ಯಾಪಾರಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಅವನ ಆದಾಯ ಜೂಜಿನದು. 1739ರಿಂದ 1745ರ ನಡುವೆ ಬಂದ ಕಾನೂನುಗಳು ಅದನ್ನು ಕಿತ್ತುಕೊಂಡವು. 1761ರಲ್ಲಿ ನಗರದ ಪಿಂಚಣಿಯಲ್ಲಿ ಬದುಕುತ್ತ ಬಡವನಾಗಿ ಸತ್ತ. ಶವಸಂಸ್ಕಾರವನ್ನು ಊರು ಅದ್ದೂರಿಯಾಗಿಯೇ ಮಾಡಿತು.

ಅಂದಿನ ವೈಭವದ ಕೇಂದ್ರವಾಗಿದ್ದ ‘ಪಂಪ್ ರೂಮ್’ ಸ್ನಾನಗೃಹಕ್ಕೆ ಅಂಟಿಕೊಂಡೇ ಇದೆ. ಈಗಿನ ಕಟ್ಟಡ 1790ರ ದಶಕದ್ದು, ಒಳಗಿರುವ ಥಾಮಸ್ ಟಾಂಪಿಯನ್‌ನ ಎತ್ತರದ ಗಡಿಯಾರ 1709ರದ್ದು. ವಾದ್ಯಸಂಗೀತ ಕೇಳುತ್ತ ಕಾಫಿ, ತಿಂಡಿ ಮುಗಿಸಬಹುದು. ಬುಗ್ಗೆಯ ನೀರನ್ನೂ ಇಲ್ಲಿ ಲೋಟದಲ್ಲಿ ಕೊಡುತ್ತಾರೆ. ಉಗುರುಬೆಚ್ಚಗಿನ, ಕಬ್ಬಿಣದ ರುಚಿಯ ಆ ನೀರನ್ನು ಎರಡನೆಯ ಬಾರಿ ಕೇಳುವವರು ಕಡಿಮೆ. ಹತ್ತಿರದಲ್ಲೇ 1742ರಲ್ಲಿ ತೆರೆದ ಖನಿಜಜಲ ಆಸ್ಪತ್ರೆಯ ಕಟ್ಟಡವಿದೆ. ದೇಶದ ಎಲ್ಲೆಡೆಯ ಬಡರೋಗಿಗಳಿಗೆಂದು ಕಟ್ಟಿದ ಅದರಲ್ಲಿ ಬಾತ್‌ನ ಜನರಿಗೇ ಪ್ರವೇಶವಿರಲಿಲ್ಲ. ಹೊರಗಿನಿಂದ ಬರುವವರು ಮುಂಗಡ ಹಣ ಇಡಬೇಕಿತ್ತು; ವಾಸಿಯಾದರೆ ಊರಿಗೆ ಮರಳುವ ಖರ್ಚಿಗೆ, ಇಲ್ಲವಾದರೆ ಮಣ್ಣು ಮಾಡುವ ಖರ್ಚಿಗೆ. ಚಿಕಿತ್ಸೆಯೆಲ್ಲ ಬರೀ ನಂಬಿಕೆಯೆನ್ನುವಂತೆಯೂ ಇಲ್ಲ. ಬಣ್ಣ, ಕೊಳಾಯಿ, ಮದ್ಯದ ಮೂಲಕ ಮೈಗೆ ಸೀಸದ ವಿಷ ಏರಿ ಕೈಕಾಲು ಸೋತವರು ಅಂದು ಬಹಳ ಮಂದಿ. ಕುತ್ತಿಗೆವರೆಗೆ ನೀರಿನಲ್ಲಿ ದೀರ್ಘಕಾಲ ಕೂತರೆ ಮೂತ್ರದ ಮೂಲಕ ಸೀಸ ಹೊರಹೋಗುವ ಪ್ರಮಾಣ ಹೆಚ್ಚುತ್ತದೆಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಅದಕ್ಕೆ ಬಾತ್‌ನ ನೀರೇ ಆಗಬೇಕೆಂದೇನೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಬ್ಬೆಯ ಹಿಂದಿನ ಓಣಿಯಲ್ಲಿರುವ ‘ಸ್ಯಾಲಿ ಲನ್ಸ್’ ಎಂಬ ಹಳೆಯ ಮನೆಯ ಮುಂದೆ ಜನ ಸೇರುತ್ತಾರೆ. ಅಲ್ಲಿ ಸಿಗುವುದು ದೊಡ್ಡ, ಹಗುರವಾದ, ಸಿಹಿ ಇಲ್ಲವೇ ಖಾರದ ಮೇಲೋಗರ ಹಾಕಿ ಕೊಡುವ ಬನ್. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ಹೆಣ್ಣುಮಗಳೊಬ್ಬಳು ಇದನ್ನು ಮೊದಲು ಮಾಡಿದಳೆಂಬ ಕಥೆಗೆ ಆಧಾರ ತೆಳು, ಬನ್‌ಗಂತೂ ಆಕ್ಷೇಪವಿಲ್ಲ. ‘ಬಾತ್ ಬನ್’ ಎಂಬುದು ಬೇರೆ, ಮೇಲೆ ಸಕ್ಕರೆಯ ಹರಳು ಉದುರಿಸಿದ ಚಿಕ್ಕ ಸಿಹಿ ಬನ್. ಇದನ್ನೆಲ್ಲ ತಿಂದು ಕೊಬ್ಬಿದವರಿಗಾಗಿ ಖನಿಜಜಲ ಆಸ್ಪತ್ರೆಯ ವೈದ್ಯ ವಿಲಿಯಂ ಆಲಿವರ್ ಸಪ್ಪೆ ಬಿಸ್ಕತ್ತೊಂದನ್ನು ರೂಪಿಸಿದನೆಂದು ಹೇಳುತ್ತಾರೆ. ಅದು ‘ಬಾತ್ ಆಲಿವರ್’.

ಊಟದ ಬಳಿಕ ಉತ್ತರದ ಏರು. ಊರಿಗೆಲ್ಲ ಒಂದೇ ಜೇನುಬಣ್ಣ ಬಂದದ್ದು ರಾಲ್ಫ್ ಆ್ಯಲನ್ ಎಂಬ ಅಂಚೆ ಅಧಿಕಾರಿಯಿಂದ. ಅಂಚೆಯ ಗುತ್ತಿಗೆಯಲ್ಲಿ ಹಣ ಮಾಡಿದ ಅವನು ಕೂಂಬ್ ಡೌನ್ ಗುಡ್ಡದ ಕಲ್ಲುಗಣಿಗಳನ್ನು ಕೊಂಡು, ಕಲ್ಲನ್ನು ಹಳಿಗಾಡಿಯಲ್ಲಿ ನದಿಗಿಳಿಸಿದ. ಹೊಸದಾಗಿ ತೆಗೆದಾಗ ಮೆತ್ತಗಿರುವ, ಯಾವ ದಿಕ್ಕಿನಲ್ಲಾದರೂ ಕತ್ತರಿಸಬಹುದಾದ ಸುಣ್ಣಕಲ್ಲು ಅದು. ಅದಕ್ಕೆ ಆಕಾರ ಕೊಟ್ಟವರು ಜಾನ್ ವುಡ್ ಎಂಬ ಒಂದೇ ಹೆಸರಿನ ತಂದೆ, ಮಗ. ತಂದೆ ಕೈಯಲ್ಲಿ ಬಂಡವಾಳವಿಲ್ಲದೆ ಕಟ್ಟುವ ಉಪಾಯ ಬಲ್ಲವನಾಗಿದ್ದ. ಜಮೀನನ್ನು ಗುತ್ತಿಗೆಗೆ ಹಿಡಿದು, ಇಡೀ ಸಾಲಿನ ಮುಂಭಾಗವನ್ನು ತಾನೇ ವಿನ್ಯಾಸ ಮಾಡಿ, ತುಂಡು ತುಂಡಾಗಿ ಮರುಗುತ್ತಿಗೆಗೆ ಕೊಡುತ್ತಿದ್ದ. ಕೊಂಡವರು ಒಳಗೆ, ಹಿಂದೆ ಏನು ಬೇಕಾದರೂ ಮಾಡಿಕೊಳ್ಳಬಹುದು, ಮುಂಭಾಗ ಮಾತ್ರ ನಕ್ಷೆಯಂತೆಯೇ ಇರಬೇಕು. 1728ರಲ್ಲಿ ಶುರುವಾದ ಕ್ವೀನ್ ಸ್ಕ್ವೇರ್‌ನ ಉತ್ತರದ ಸಾಲು ಒಂದೇ ಅರಮನೆಯೆನಿಸುವ ಗುಟ್ಟು ಇದು. ಸ್ವಂತ ಮಹಲು ಕಟ್ಟಿಸುವ ಶಕ್ತಿಯಿಲ್ಲದವರೂ ಒಂದು ಋತುವಿನ ಮಟ್ಟಿಗೆ ಅರಮನೆಯ ಪಾಲೊಂದನ್ನು ಬಾಡಿಗೆಗೆ ಪಡೆಯಬಹುದಾಗಿತ್ತು.

ಅಲ್ಲಿಂದ ಗೇ ಸ್ಟ್ರೀಟ್ ಏರಿದರೆ ‘ಸರ್ಕಸ್’. 33 ಮನೆಗಳ ಮೂರು ಬಾಗಿದ ಸಾಲುಗಳು ಕೂಡಿ ಒಂದು ಪೂರ್ಣ ವೃತ್ತ. ಯಾವ ಬೀದಿಯಿಂದ ಒಳಹೊಕ್ಕರೂ ಎದುರಿಗೆ ಸಾಲೊಂದರ ಮುಖವೇ ಕಾಣುತ್ತದೆ. ಮೂರು ಅಂತಸ್ತಿಗೆ ಮೂರು ಬಗೆಯ ಕಂಬಗಳು, ನಡುವಿನ ಪಟ್ಟಿಯಲ್ಲಿ ಹಾವು, ವಾದ್ಯ, ಉಪಕರಣಗಳ 525 ಕೆತ್ತನೆಗಳು. ಹಿರಿಯ ವುಡ್ ಸ್ಟೋನ್‌ಹೆಂಜ್‌ನ ಕಲ್ಲುಗಳನ್ನು ಅಳೆದು ನಕ್ಷೆ ಮಾಡಿದವನು, ಬ್ಲಾಡುಡ್‌ನ ಐತಿಹ್ಯವನ್ನು ಗಂಭೀರವಾಗಿ ನಂಬಿದವನು. ಮಾಳಿಗೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲಿನ ಓಕ್ ಕಾಯಿಗಳು ಆ ಹಂದಿಗಳ ಆಹಾರ. 1754ರಲ್ಲಿ ಕೆಲಸ ಆರಂಭಿಸಿದ ಕೆಲವೇ ತಿಂಗಳಲ್ಲಿ ಅವನು ತೀರಿಕೊಂಡ, ಮುಗಿಸಿದವನು ಮಗ.

ಈ ವೃತ್ತದಲ್ಲಿ ಇದ್ದವರ ಪಟ್ಟಿ ದೊಡ್ಡದು. ಚಿತ್ರಕಾರ ಥಾಮಸ್ ಗೇನ್ಸ್‌ಬರೋ 1774ರವರೆಗೆ ಬಾತ್‌ನಲ್ಲಿದ್ದು, ನೀರಿಗೆ ಬಂದ ಗಣ್ಯರ ಭಾವಚಿತ್ರ ಬರೆದೇ ಹೆಸರಾದ. ಅವನು ಲಂಡನ್ನಿಗೆ ಹೋದ ಮೇಲೆ ಇಲ್ಲಿ ಕೆಲಕಾಲ ಅದೇ ವೃತ್ತಿ ನಡೆಸಿದವರಲ್ಲಿ ಐರ್ಲೆಂಡಿನ ಥಾಮಸ್ ಹಿಕ್ಕಿಯೂ ಒಬ್ಬ. ಮುಂದೆ ಭಾರತಕ್ಕೆ ಬಂದ ಹಿಕ್ಕಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಟಿಪ್ಪುವಿನ ಮಕ್ಕಳನ್ನೂ ದಿವಾನ್ ಪೂರ್ಣಯ್ಯನವರನ್ನೂ ಚಿತ್ರಿಸಿದ. ಬಂಗಾಳದ ಹಣದೊಂದಿಗೆ ಮರಳಿದ ರಾಬರ್ಟ್ ಕ್ಲೈವ್ ಕೂಡ ಸರ್ಕಸ್‌ನಲ್ಲಿ ಮನೆ ಮಾಡಿದ್ದ. ಜೇನುಬಣ್ಣದ ಈ ಗೋಡೆಗಳ ಹಿಂದೆ ಭಾರತದ ಸಂಪತ್ತು, ಅದಕ್ಕಿಂತಲೂ ಹೆಚ್ಚಾಗಿ ಗುಲಾಮರು ದುಡಿದ ಕೆರಿಬಿಯನ್ ಸಕ್ಕರೆಯ ಸಂಪತ್ತು ಇತ್ತೆಂಬುದನ್ನು ಮಾರ್ಗದರ್ಶಿ ಪುಸ್ತಕಗಳು ಬಹುಕಾಲ ಹೇಳಲಿಲ್ಲ. ಊರಿನ ಉತ್ತರದ ಗುಡ್ಡದ ಮೇಲಿರುವ ವಿಲಿಯಂ ಬೆಕ್‌ಫರ್ಡ್‌ನ ಗೋಪುರ ಜಮೈಕಾದ ತೋಟಗಳ ಹಣದಲ್ಲೇ ಎದ್ದದ್ದು.

ಸರ್ಕಸ್‌ನಿಂದ ಪಶ್ಚಿಮಕ್ಕೆ ಒಂದು ಚಿಕ್ಕ ಬೀದಿ. ಅದರ ತುದಿಯಲ್ಲಿ ನೋಟ ಒಮ್ಮೆಗೇ ತೆರೆದುಕೊಂಡು ‘ರಾಯಲ್ ಕ್ರೆಸೆಂಟ್’ ಎದುರಾಗುತ್ತದೆ. ಕಿರಿಯ ವುಡ್ 1767ರಿಂದ 1774ರ ನಡುವೆ ಕಟ್ಟಿದ 30 ಮನೆಗಳ ಅರ್ಧಚಂದ್ರ ಅದು, 114 ಕಂಬಗಳು, ಮುಂದೆ ಇಳಿಜಾರಿನ ಹುಲ್ಲು. ಹುಲ್ಲಿನ ನಡುವೆ ದೂರಕ್ಕೆ ಕಾಣದಂಥ ಒಂದು ಕಂದಕವಿದೆ. ಕೆಳಗೆ ಮೇಯುವ ದನ ಕುರಿ ಮೇಲೆ ಬಾರದಂತೆ, ಬೇಲಿ ಕಣ್ಣಿಗೆ ಅಡ್ಡವಾಗದಂತೆ ಮಾಡಿದ ಏರ್ಪಾಡು. ಹೆಚ್ಚಿನವರು ಫೋಟೊ ತೆಗೆದು ಇಲ್ಲಿಂದಲೇ ಮರಳುತ್ತಾರೆ. ಹಿಂಬದಿಯ ಓಣಿಗೆ ಹೋದರೆ ವುಡ್‌ಗಳ ವ್ಯಾಪಾರದ ಗುಟ್ಟು ಬಯಲಾಗುತ್ತದೆ: ಏರುಪೇರಿನ ಮಾಡುಗಳು, ಬಗೆಬಗೆಯ ಕಿಟಕಿಗಳು, ಒಂದಕ್ಕೊಂದು ತಾಳೆಯಿಲ್ಲದ ಹಿತ್ತಿಲುಗಳು. ಮೊದಲನೆಯ ಮನೆ ಈಗ ವಸ್ತುಸಂಗ್ರಹಾಲಯ. ಪಕ್ಕದ ರಾಯಲ್ ವಿಕ್ಟೋರಿಯಾ ಉದ್ಯಾನವನ್ನು 1830ರಲ್ಲಿ ತೆರೆದವಳು ಹನ್ನೊಂದರ ಹುಡುಗಿಯಾಗಿದ್ದ ವಿಕ್ಟೋರಿಯಾ.

ಜೇನ್ ಆಸ್ಟಿನ್ 1801ರಿಂದ 1806ರವರೆಗೆ ಬಾತ್‌ನಲ್ಲಿ ಬಾಳಿದಳು. ಇಲ್ಲಿದ್ದಾಗ ಬರೆದದ್ದು ಕಡಿಮೆ, ಊರಿನ ಬಗ್ಗೆ ಅವಳಿಗೆ ಅಷ್ಟೇನೂ ಒಲವಿರಲಿಲ್ಲ. ಆದರೂ ಅವಳ ಹೆಸರಿನ ಉತ್ಸವಕ್ಕೆ ಸೆಪ್ಟೆಂಬರಿನಲ್ಲಿ ಜನ ಹಳೆಯ ಕಾಲದ ಉಡುಪು ತೊಟ್ಟು ಬೀದಿಗಿಳಿಯುತ್ತಾರೆ. ಅಷ್ಟು ಗದ್ದಲವಿಲ್ಲದ ನ್ಯೂ ಕಿಂಗ್ ಸ್ಟ್ರೀಟಿನ 19ನೆಯ ಮನೆಗೆ ಹೋಗುವವರು ಕಡಿಮೆ. ಊರಿನ ಪ್ರಾರ್ಥನಾಮಂದಿರವೊಂದರ ಆರ್ಗನ್ ವಾದಕನಾಗಿದ್ದ ವಿಲಿಯಂ ಹರ್ಷೆಲ್ ಅಲ್ಲಿ ತಂಗಿ ಕ್ಯಾರೊಲೈನ್‌ಳೊಂದಿಗೆ ದೂರದರ್ಶಕದ ಕನ್ನಡಿಗಳನ್ನು ಕೈಯಾರೆ ಉಜ್ಜಿ ತಯಾರಿಸುತ್ತಿದ್ದ. 1781ರ ಮಾರ್ಚ್ 13ರ ರಾತ್ರಿ ಹಿತ್ತಿಲಿನಿಂದ ಅವನು ಕಂಡ ಚುಕ್ಕೆಯೇ ಯುರೇನಸ್. ಬಿಡುವಿನ ಊರಿನಲ್ಲಿ ನಡೆದ ಅತಿ ದೊಡ್ಡ ಕೆಲಸ ಇದು ಎಂದರೆ ತಪ್ಪಾಗದು. ಮನೆ ಈಗ ಖಗೋಳದ ಪುಟ್ಟ ಸಂಗ್ರಹಾಲಯ.

ಸರ್ಕಸ್‌ಗೆ ಹತ್ತಿರದ ‘ಅಸೆಂಬ್ಲಿ ರೂಮ್ಸ್’ 1771ರಲ್ಲಿ ತೆರೆದ ನೃತ್ಯಶಾಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿರಿವಂತರ ಒಲವು ಬ್ರೈಟನ್ನಿನಂಥ ಕಡಲ ಸ್ನಾನದ ಊರುಗಳ ಕಡೆ ತಿರುಗಿ, ಬಾತ್ ನಿವೃತ್ತರ ಊರಾಯಿತು. ಹೊಸದಾಗಿ ಕಟ್ಟಲು ಹಣವಿಲ್ಲದ್ದರಿಂದ ಹಳೆಯದು ಉಳಿಯಿತು. 1942ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ಎರಡು ರಾತ್ರಿ ಬಾಂಬು ಸುರಿಸಿದವು. ಲ್ಯೂಬೆಕ್ ನಗರದ ಮೇಲೆ ಬ್ರಿಟನ್ ನಡೆಸಿದ ದಾಳಿಗೆ ಪ್ರತೀಕಾರವಾಗಿ ಇಂಗ್ಲೆಂಡಿನ ಚಾರಿತ್ರಿಕ ಊರುಗಳನ್ನೇ ಹುಡುಕಿ ಹೊಡೆದ ಸರಣಿ ಅದು. ನಾನೂರಕ್ಕೂ ಹೆಚ್ಚು ಜನ ಸತ್ತರು. ಅಸೆಂಬ್ಲಿ ರೂಮ್ಸ್ ಸುಟ್ಟು, 1963ರಲ್ಲಷ್ಟೇ ದುರಸ್ತಿಯಾಗಿ ತೆರೆಯಿತು. ಬಾಂಬಿಗೆ ಉಳಿದ ಸಾಮಾನ್ಯ ಜನರ ಹಳೆಯ ಮನೆಗಳ ಸಾಲುಗಳನ್ನು 1960ರ ದಶಕದಲ್ಲಿ ನಗರಾಡಳಿತದ ಯೋಜನೆಗಳೇ ಕೆಡವಿದವು. ಆ್ಯಡಮ್ ಫರ್ಗುಸನ್ 1973ರ ಪುಸ್ತಕದಲ್ಲಿ ಇದರ ವಿರುದ್ಧ ಕಿಡಿಕಾರಿದ ಮೇಲೆ ಕೆಡವುವಿಕೆಗೆ ಕಡಿವಾಣ ಬಿತ್ತು.

ಇಳಿಹೊತ್ತಿಗೆ ನದಿಯ ಕಡೆ ಇಳಿದರೆ ರಾಬರ್ಟ್ ಆ್ಯಡಮ್ ವಿನ್ಯಾಸದ, 1774ರಲ್ಲಿ ಮುಗಿದ ಪಲ್ಟ್‌ನಿ ಸೇತುವೆ. ಎರಡೂ ಬದಿಗೆ ಅಂಗಡಿಗಳಿರುವುದರಿಂದ ಅದರ ಮೇಲೆ ನಡೆಯುವವರಿಗೆ ನದಿ ಕಾಣುವುದೇ ಇಲ್ಲ. ಕೆಳಗಿನ ದಂಡೆಯಿಂದ ನೋಡಬೇಕು. ಆಚೆಗೆ ಅಗಲವಾದ ಗ್ರೇಟ್ ಪಲ್ಟ್‌ನಿ ಬೀದಿ, ಅದರ ಕೊನೆಗೆ ಹೋಲ್ಬರ್ನ್ ಕಲಾಸಂಗ್ರಹಾಲಯ, ಹಿಂದೆ ಸಿಡ್ನಿ ಉದ್ಯಾನ. 1810ರಲ್ಲಿ ಸಂಚಾರಕ್ಕೆ ತೆರೆದ ಕೆನೆಟ್–ಏವನ್ ಕಾಲುವೆಯೂ ಬ್ರೂನೆಲ್‌ನ ರೈಲುಹಳಿಯೂ ಇದೇ ಉದ್ಯಾನವನ್ನು ಸೀಳಿಕೊಂಡು ಹೋಗುತ್ತವೆ. ಮಕ್ಕಳಿರುವವರಿಗೆ ಕಾಲುವೆಯ ದಂಡೆಯ ಸಮತಟ್ಟಾದ ದಾರಿ ಒಳ್ಳೆಯ ಸಂಜೆ.

ರೋಮನ್ ಕೊಳದ ನೀರಿಗೆ ಕೈ ಹಾಕುವಂತಿಲ್ಲ. 1978ರಲ್ಲಿ ಇಲ್ಲಿನ ಬುಗ್ಗೆಯ ನೀರಿನಲ್ಲಿ ಈಜಿದ ಬಾಲಕಿಯೊಬ್ಬಳು ಅಮೀಬಾದಿಂದ ಮಿದುಳು ಪೊರೆಯ ಸೋಂಕು ತಗುಲಿ ಮೃತಪಟ್ಟಳು. ಊರಿನ ಸ್ನಾನಗಳೆಲ್ಲ ಮುಚ್ಚಿದವು. ಆಳದ ಕೊಳವೆಬಾವಿಗಳಿಂದ ಶುದ್ಧವಾದ ನೀರು ತೆಗೆಯುವ ಏರ್ಪಾಡಾದ ಮೇಲೂ ಹೊಸ ಸ್ನಾನಕೇಂದ್ರದ ಕೆಲಸ ವರ್ಷಗಟ್ಟಲೆ ತಡವಾಗಿ, ಖರ್ಚು ಅಂದಾಜಿನ ಹಲವು ಪಟ್ಟು ಏರಿ, ‘ಥರ್ಮೆ ಬಾತ್ ಸ್ಪಾ’ ತೆರೆದದ್ದು 2006ರಲ್ಲಿ. ಬಾತ್ ಎಂಬ ಊರಿನಲ್ಲಿ ಬಿಸಿನೀರಿಗಿಳಿಯಲು ಜನ 28 ವರ್ಷ ಕಾಯಬೇಕಾಯಿತು. ಗಾಜು, ಕಲ್ಲಿನ ಈ ಕಟ್ಟಡದ ತಾರಸಿಯ ಮೇಲೆ ಸುಮಾರು 33 ಡಿಗ್ರಿಯ ತೆರೆದ ಕೊಳವಿದೆ. ಅಬ್ಬೆಯ ಗೋಪುರ, ಸುತ್ತಲಿನ ಗುಡ್ಡಗಳು ನೀರಿನಿಂದಲೇ ಕಾಣುತ್ತವೆ. ಒಂದು ಸರದಿ ಎರಡು ಗಂಟೆಯದು, ಹದಿನಾರು ತುಂಬದವರಿಗೆ ಪ್ರವೇಶವಿಲ್ಲ. ವಾರಾಂತ್ಯದಲ್ಲಿ ನೂಕುನುಗ್ಗಲಿರುವುದರಿಂದ ವಾರದ ನಡುವಿನ ಸಂಜೆ ಲೇಸು. ಇಲ್ಲಿಂದ ರೈಲು ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಲಂಡನ್ ಕಡೆಗೂ ಬ್ರಿಸ್ಟಲ್ ಕಡೆಗೂ ರಾತ್ರಿಯವರೆಗೆ ರೈಲುಗಳಿವೆ.